ಹುಣಸೆವಂಕದ ಪಾಲು

“ಹೆಬ್ಬೆಟ್ಟು ಒತ್ತಲ್ಲ.”

ಹೊಸ್ತಿಲು ದಾಟುವ ಮೊದಲೇ ಆ ಹೆಂಗಸು ಹೇಳಿದ ಮಾತು ಇದು. ಅವಳ ಎಡಗೈ ಹೆಬ್ಬೆರಳಿಗೆ ಹಳೆಯ ಸೀರೆಯ ಚೂರು ಬಿಗಿಯಾಗಿ ಸುತ್ತಿತ್ತು. ಗಾಯವಾಗಿರಬೇಕು ಅಂದುಕೊಂಡೆ.

“ಗಾಯ ಅಲ್ಲಮ್ಮಾ,” ಅಂದಳು ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ನೋಡಿ. “ನಿದ್ದೆಯಾಗಿದ್ದಾಗ ಯಾರಾನ ಕೈ ಹಿಡಿದು ಒತ್ತಿಸ್ಕೊಂಡ್ಬಿಟ್ರೆ? ಅದಕ್ಕೇ ಕಟ್ಕೊಂಡಿದ್ದೀನಿ.”

ಅದು ಎಂಬತ್ತೊಂದನೆಯ ಇಸವಿ, ಮಾವಿನ ಕಾಲ, ಶುಕ್ರವಾರ. ನನ್ನವರು ತೀರಿಕೊಂಡ ಮೇಲೆ ನಾನು ಕೋಲಾರದ ಕಠಾರಿಪಾಳ್ಯದಲ್ಲಿ ಶ್ಯಾಮಲಮ್ಮನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಆಗ ರಜೆ. ಶ್ಯಾಮಲಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ಆ ವರ್ಷವಷ್ಟೇ ನಿವೃತ್ತರಾದವರು. ಮುಖ ಕಾಣದ ಜನರ ದನಿಯನ್ನು ಜೀವಮಾನವೆಲ್ಲ ಕೇಳಿದ ಕಿವಿ ಅವರದು. ಮಾತಿನಲ್ಲಿ ಎಲ್ಲಿ ಉಸಿರು ತಡೆಯಿತು, ಎಲ್ಲಿ ತಪ್ಪಿತು ಎಂದು ಅವರಿಗೆ ತಟ್ಟನೆ ಗೊತ್ತಾಗುತ್ತಿತ್ತು. ಬಿಡಿಸಲಾಗದ ಗಂಟು ಬಿದ್ದರೆ ಸುತ್ತಲಿನ ತಾಲ್ಲೂಕಿನ ಜನ ಅವರ ಜಗಲಿಗೆ ಬರುತ್ತಿದ್ದರು.

“ಕೂತ್ಕೋ. ಹೆಸರೇನು? ಏನಾಯ್ತು ಹೇಳು,” ಅಂದರು ಶ್ಯಾಮಲಮ್ಮ.

ಅವಳ ಹೆಸರು ಕದಿರಮ್ಮ. ಶ್ರೀನಿವಾಸಪುರದ ಆಚೆ ಹುಣಸೆವಂಕದ ಸರ್ಕಾರಿ ಬಿತ್ತನೆ ಕೋಠಿಯಲ್ಲಿ ಕಸ ಗುಡಿಸುವ ಕೆಲಸ. ಸರ್ಕಾರಿ ನೌಕರಿಯಲ್ಲ, ಮುನಿರಾಮಪ್ಪ ಎಂಬ ಕಂಟ್ರಾಕ್ಟರನ ಕಡೆಯ ನಾಲ್ಕು ಹೆಂಗಸರಲ್ಲಿ ಒಬ್ಬಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಏರಿದಂತೆ ಪೂರ್ತಿ ತೆಲುಗಾಗುತ್ತಿತ್ತು. ನಾನು ಮೈಸೂರಿನವಳು, ನನಗೆ ತೆಲುಗು ತಿಳಿಯದು. ಶ್ಯಾಮಲಮ್ಮ ನನಗಾಗಿ ಆಗಾಗ ಕನ್ನಡದಲ್ಲಿ ಹೇಳುತ್ತಿದ್ದರು.

ಬಿತ್ತನೆ ಕೋಠಿಯಲ್ಲಿ ರೇಷ್ಮೆಯ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ ರೈತರಿಗೆ ಕೊಡುತ್ತಾರೆ. ಕೊಡುವ ಮುಂಚೆ ತಾಯಿಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ರೋಗವಿದ್ದರೆ ಮೊಟ್ಟೆಯನ್ನು ಸುಡಬೇಕು. ಮಂಗಳವಾರ ಬೆಳಿಗ್ಗೆ ಆ ಮೈಕ್ರೋಸ್ಕೋಪು ಕಾಣೆಯಾಗಿತ್ತು. ಬೀಗ ಒಡೆದಿರಲಿಲ್ಲ. ಗುಡಿಸುವವಳ ಮೇಲೇ ಅನುಮಾನಪಟ್ಟು ಅಂದೇ ಕದಿರಮ್ಮನನ್ನು ಕೆಲಸದಿಂದ ಹೊರಗೆ ಹಾಕಿದ್ದರು. ಗುರುವಾರ ಕೋಲಾರದಿಂದ ದೊಡ್ಡ ಸಾಹೇಬರು ಬಂದು ವಿಚಾರಣೆ ಮಾಡಿದರು. ವಿಚಾರಣೆ ಮುಗಿದ ಮೇಲೆ, “ಕದಿರಮ್ಮ ಒಪ್ಪಿಕೊಂಡಳು,” ಎಂದರಂತೆ.

“ನಾನೇನು ಒಪ್ಕೊಂಡೆ? ಇದ್ದದ್ದು ಇದ್ದಂಗೆ ಹೇಳ್ದೆ. ಕೇಳಿದ್ದಕ್ಕೆ ಹೌದು ಅಂದೆ. ಈಗ ಮುನಿರಾಮಪ್ಪ ಬಂದು, ‘ಕದ್ದಿದ್ದು ನಾನೇ ಅಂತ ಹೆಬ್ಬೆಟ್ಟು ಒತ್ತಿ ಊರು ಬಿಡು, ಪೊಲೀಸರ ತಂಟೆ ಇರಲ್ಲ’ ಅಂತಾನೆ. ಇವತ್ತು ಸಾಯಂಕಾಲದ ಒಳಗೆ ಒತ್ತದಿದ್ರೆ ಲಾಕಪ್ಪು.”

“ಕಳ್ಳತನ ಆದಾಗ ನೀನೆಲ್ಲಿದ್ದೆ?”

ಅವಳು ತಲೆ ತಗ್ಗಿಸಿದಳು. “ಒಂದು ಕಡೆ ಹೋಗಿದ್ದೆ. ಎಲ್ಲಿಗೆ ಅಂತ ಹೇಳಿದ್ರೆ ನನ್ನ ಒಂದೇ ಅಲ್ಲ, ನಾಲ್ಕು ಮನೆ ಒಲೆ ಆರ್ತದೆ. ಅದು ಮಾತ್ರ ಕೇಳ್ಬೇಡ ತಾಯಿ.”

“ಕೇಳಲ್ಲ,” ಅಂದರು ಶ್ಯಾಮಲಮ್ಮ. “ನೀನು ಊರಿಗೆ ಹೋಗು. ಬೆರಳಿನ ಬಟ್ಟೆ ಬಿಚ್ಚಬೇಡ. ಅನಸೂಯಾ, ಚಪ್ಪಲಿ ಹಾಕ್ಕೋ.”

ವಿಚಾರಣೆ ಮಾಡಿದ ನಾಡಗೌಡರು ಧಾರವಾಡ ಕಡೆಯವರು. ಕೋಲಾರಕ್ಕೆ ವರ್ಗವಾಗಿ ಬಂದು ವರ್ಷ ತುಂಬಿರಲಿಲ್ಲ. ಬಂದ ಹೊಸತರಲ್ಲಿ ಅವರ ತಾಯಿ ಊರಿನಲ್ಲಿ ಹಾಸಿಗೆ ಹಿಡಿದಾಗ ಟ್ರಂಕ್ ಲೈನು ಬಿಡದೆ ಹಿಡಿದುಕೊಟ್ಟವರು ಶ್ಯಾಮಲಮ್ಮ. ಆ ಋಣ ಅವರು ಮರೆತಿರಲಿಲ್ಲ. ಬಂಗಲೆಯ ವರಾಂಡದಲ್ಲೇ ಕುರ್ಚಿ ಹಾಕಿಸಿದರು. ಅಂಗಳದಲ್ಲಿ ಖಾಕಿ ಅಂಗಿಯವನೊಬ್ಬ ಕ್ರೋಟನ್ ಗಿಡಗಳಿಗೆ ನೀರು ಹಾಕುತ್ತಿದ್ದ.

“ಬರ್ರಿ ಶ್ಯಾಮಲಮ್ಮಾರ. ಆ ಹುಣಸೆವಂಕದ ಹೆಣ್ಣುಮಗಳ ಸಲುವಾಗಿ ಬಂದಿರೇನು? ಬಡವಿ, ಖರೆ. ಆದ್ರ ಆಕಿ ತಾನಾ ಒಪ್ಪಿಕೊಂಡಾಳ್ರೀ.”

“ಏನಂತ ಒಪ್ಕೊಂಡಳು? ಅವಳ ಮಾತಿನಲ್ಲೇ ಹೇಳಿ ಸಾರ್.”

“ಮಂಗಳವಾರ ಮುಂಜಾನಿ ಎಲ್ಲಿದ್ದಿ ಅಂತ ಕೇಳಿದೆ. ಅಂಜಿಕಿ ಆಗಿತ್ತು ಕಾಣಸ್ತದ, ಬರೇ ತೆಲುಗು ಮಾತಾಡಿದ್ಲು. ಆದ್ರ ಒಂದು ಮಾತು ನನಗ ಸ್ಪಷ್ಟ ಕೇಳಿಸ್ತು. ‘ಪಾಲು ತೀಸ್ಕೊನಿ ಪೋಯ್ನಾ’ ಅಂದ್ಲು. ತೊಗೊಂಡು ಹೋದೆ ಅಂದಂಗ. ನಾನು ಮತ್ತ ಕೇಳಿದೆ: ‘ಪಾಲು ಅಂದೀಯೇನು?’ ‘ಹೌದು ಸ್ವಾಮಿ, ಪಾಲೇ’ ಅಂದ್ಲು. ಗುಮಾಸ್ತನ್ನೂ ಕೇಳಿದೆ. ‘ಹೌದು ಸಾರ್, ಪಾಲು ಅಂದಳು’ ಅಂದ. ‘ಯಾರಿಗೆ ಕೊಟ್ಟಿ ಪಾಲು?’ ಅಂತ ಕೇಳಿದ್ರ ಬಾಯಿ ಹೊಲಕೊಂಡ್ಲು. ಜೋಡಿ ಕಳ್ಳರನ್ನ ಬಿಟ್ಟುಕೊಡವಲ್ಲಳು. ಇನ್ನೇನು ಬೇಕು?”

ಶ್ಯಾಮಲಮ್ಮ ತುಟಿ ಕಚ್ಚಿಕೊಂಡು ನೀರು ಹಾಕುವವನ ಕಡೆ ನೋಡಿದರು. “ಕೋಣೆಯಲ್ಲಿ ಯಾರ್ಯಾರಿದ್ರು?”

“ನಾನು, ಆಕಿ, ಗುಮಾಸ್ತ ಆಂಜಿನಪ್ಪ. ಸೂಪರಿಂಟೆಂಡೆಂಟ್ ವೆಂಕಟರಮಣಪ್ಪ ದೂರು ಕೊಟ್ಟಾವ. ಅವನ್ನ ದೂರ ಅವನ ಮನ್ಯಾಗ ಕೂಡ್ರಿಸಿದ್ದೆ.”

“ಮಧ್ಯಾಹ್ನ ನೀವು ಹುಣಸೆವಂಕಕ್ಕೆ ಬರ್ತೀರಾ ಸಾರ್? ಬರ್ತೀನಿ ಅಂತ ಯಾರಿಗೂ ಫೋನು ಮಾಡದೆ?”

ನಾಡಗೌಡರು ಹುಬ್ಬೇರಿಸಿದರು. ಆದರೆ ಆಗಲಿ ಎಂದರು.

ಶ್ರೀನಿವಾಸಪುರದ ಬಸ್ಸು ತುಂಬಿತ್ತು. ಮಧ್ಯದ ಸ್ಟಾಪಿನಲ್ಲಿ ಮುಚ್ಚಳದ ಕ್ಯಾನು ಹೊತ್ತ ಮುದುಕಿಯೊಬ್ಬಳು ಹತ್ತಿ ನನ್ನ ಕಾಲಿನ ಬಳಿ ನಿಂತು, “ಪಾಲಮ್ಮಾ, ಪಾಲು!” ಎಂದು ಕೂಗಿದಳು. ಸೀಟಿನಲ್ಲಿ ತನ್ನ ಪಾಲು ಕೇಳುತ್ತಿದ್ದಾಳೆಂದು ನಾನು ಸರಿದು ಜಾಗ ಕೊಟ್ಟೆ. ಮುದುಕಿ ಕೂರದೆ ನನ್ನನ್ನೇ ಬೈದಳು. ಬಸ್ಸೆಲ್ಲ ನಕ್ಕಿತು. ಶ್ಯಾಮಲಮ್ಮ ನನ್ನ ಕಾಲನ್ನು ಕ್ಯಾನಿನಿಂದ ಆಚೆ ತಳ್ಳಿದರು.

“ನೊಂದ್ಕೋಬೇಡ ಕಣೇ,” ಅಂದರು. “ಈ ವಾರ ಈ ತಪ್ಪು ಮಾಡಿದವಳು ನೀನೊಬ್ಬಳೇ ಅಲ್ಲ.”

ನಾನು ಏನೆಂದು ಕೇಳಲಿಲ್ಲ. ಆ ದಿನಗಳಲ್ಲಿ ನಾನು ಏನನ್ನೂ ಹೆಚ್ಚು ಕೇಳುತ್ತಿರಲಿಲ್ಲ.

ಬಿತ್ತನೆ ಕೋಠಿ ಊರ ಹೊರಗೆ, ಕೆರೆ ಏರಿಯ ಕೆಳಗಿತ್ತು. ಉದ್ದನೆಯ ಹೆಂಚಿನ ಕಟ್ಟಡ, ಪಕ್ಕದಲ್ಲೇ ಸೂಪರಿಂಟೆಂಡೆಂಟರ ಮನೆ. ವೆಂಕಟರಮಣಪ್ಪ ದಪ್ಪನೆಯ, ಬೇಗ ಬೆವರುವ ಮನುಷ್ಯ. ನಾಡಗೌಡರ ಹೆಸರು ಹೇಳಿದ ಕೂಡಲೇ ನಮ್ಮನ್ನು ಮನೆಯೊಳಗೆ ಕರೆದು ಕೂರಿಸಿದರು. ನಡುಮನೆಯಲ್ಲಿ ಒಂದು ಬುಟ್ಟಿ ಮಾವಿನಹಣ್ಣು ಘಮಘಮಿಸುತ್ತಿತ್ತು.

“ನಮ್ಮ ಕಂಟ್ರಾಕ್ಟರ್ ಮುನಿರಾಮಪ್ಪ ಕಳಿಸಿದ್ದು. ವರ್ಷಾ ವರ್ಷಾ ಕಳಿಸ್ತಾನೆ, ಬೇಡ ಅಂದ್ರೂ ಬಿಡಲ್ಲ. ಒಂದಷ್ಟು ಕಟ್ಟಿಸ್ಕೊಡಲಾ?”

“ಬೇಡ, ನನಗೆ ಸಕ್ಕರೆ ಕಾಯಿಲೆ,” ಅಂದರು ಶ್ಯಾಮಲಮ್ಮ.

ವೆಂಕಟರಮಣಪ್ಪನವರ ಹೆಂಡತಿ ಕಾಫಿ ತಂದರು. ಲೋಟದಲ್ಲಿ ಬರೀ ಕಪ್ಪು ಡಿಕಾಕ್ಷನ್. “ಬೇಜಾರು ಮಾಡ್ಕೋಬೇಡಿ. ಬುಧವಾರದಿಂದ ಹಾಲಿಗೆ ತಾಪತ್ರಯ,” ಎಂದು ಆಕೆ ಹೇಳುವಷ್ಟರಲ್ಲಿ ಗಂಡ ಕೆಮ್ಮಿದರು. ಆಕೆ ಒಳಗೆ ಹೋದರು.

“ಮಂಗಳವಾರ ಬೀಗ ತೆಗೆದವರು ಯಾರು?” ಶ್ಯಾಮಲಮ್ಮ ಕೇಳಿದರು.

“ನಾನೇ. ಕೀಲಿಕೈ ನನ್ನ ಹತ್ರಾನೇ ಇರೋದು. ಕಂಟ್ರಾಕ್ಟಿನವರ ಕೈಗೆ ಕೊಡೋ ಹಾಗಿಲ್ಲ, ರೂಲ್ಸು. ಕಚೇರಿ ಹೊತ್ತಿಗೆ ಬಾಗಿಲು ತೆಗೆದೆ, ಮೇಜು ಖಾಲಿ.”

“ಒಳಗೆ ಬೇರೆ ಏನಾದರೂ ಹೆಚ್ಚುಕಮ್ಮಿ ಕಾಣಿಸ್ತಾ? ಧೂಳಿನಲ್ಲಿ ಹೆಜ್ಜೆ, ಗಿಜ್ಜೆ?”

“ಎಲ್ಲಿ ಬರಬೇಕಮ್ಮ ಧೂಳು? ಕನ್ನಡಿ ಹಾಗೆ ಗುಡಿಸಿ ಒರೆಸಿತ್ತು.”

ಶ್ಯಾಮಲಮ್ಮ ಡಿಕಾಕ್ಷನ್ನನ್ನು ಒಂದೇ ಗುಟುಕಿನಲ್ಲಿ ಮುಗಿಸಿದರು.

ಹೊರಗೆ ಬಂದಾಗ ನಾನು ಮೆಲ್ಲಗೆ ಕೇಳಿದೆ: “ನಿಮಗೆಲ್ಲಿದೆ ಸಕ್ಕರೆ ಕಾಯಿಲೆ?”

“ಆ ಬುಟ್ಟಿ ನೋಡಿದ ಮೇಲೆ ಬಂತು.”

ಕೋಠಿಯ ಹಿಂದಿನ ಜಗಲಿಯಲ್ಲಿ ಮೂಟೆಗಳನ್ನು ಸಾಲಾಗಿ ಇಟ್ಟಿದ್ದರು. ಚಿಟ್ಟೆ ತೂತು ಮಾಡಿ ಹೊರಬಂದ ಮೇಲೆ ಉಳಿಯುವ ಖಾಲಿ ಗೂಡುಗಳು. ಹತ್ತಿಯಷ್ಟು ಹಗುರ. ಕೆರೆಯ ಗಾಳಿ ಬೀಸಿದಾಗ ಮೂಟೆಗಳು ಕೋಳಿಗಳ ಹಾಗೆ ಕೊಸರಾಡುತ್ತಿದ್ದವು. ಹಾರಿಹೋಗದಂತೆ ಅವುಗಳ ಮೇಲೆ ಒಂದೊಂದು ಕಲ್ಲು ಇಟ್ಟಿದ್ದರು. ಮೂಲೆಯ ಒಂದಕ್ಕೆ ಮಾತ್ರ ಕಲ್ಲಿರಲಿಲ್ಲ. ಎಲ್ಲ ಮೂಟೆಗಳ ಬಾಯಿಗೂ ಕೆಂಪು ಅರಗಿನ ಮುದ್ರೆ.

ಜಗಲಿಯಲ್ಲಿ ಮೂವರು ಹೆಂಗಸರು ಗೂಡು ಆರಿಸುತ್ತಿದ್ದರು. ಗುಮಾಸ್ತ ಆಂಜಿನಪ್ಪ ಅವರ ಮೇಲೆ ನಿಗಾ ಇಟ್ಟು ನಿಂತಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ, ಸೊಂಟದ ದಾರದಲ್ಲಿ ಹಿತ್ತಾಳೆಯ ಮುದ್ರೆ.

“ಈ ಮೂಟೆಗಳು ಎಲ್ಲಿಗೆ ಹೋಗ್ತವೆ?”

“ನಾಳೆ ಲಾರಿ ಬರುತ್ತೆ ಮೇಡಂ. ಬೆಂಗಳೂರಿಗೆ. ಜೊತೆಗೆ ನಾನೇ ಹೋಗ್ತೀನಿ.”

“ಮುದ್ರೆ ಯಾವಾಗಲೂ ಸೊಂಟದಲ್ಲೇ ಇರುತ್ತಾ?”

“ಸರ್ಕಾರಿ ಮುದ್ರೆ ಅಲ್ಲವೇ! ಕೂಲಿಯವರ ಕೈಗೆ ಸಿಗೋ ವಸ್ತುವಲ್ಲ. ಬಚ್ಚಲಿಗೆ ಹೋದ್ರೂ ಜೊತೆಗೇ.” ಅವನು ಹೆಮ್ಮೆಯಿಂದ ಮುದ್ರೆಯನ್ನು ತಟ್ಟಿದ.

ಹೆಂಗಸರಲ್ಲಿ ಹಿರಿಯಳಾದ ದೊಡ್ಡಗಂಗಮ್ಮ ತಲೆಯೆತ್ತದೆ ತೆಲುಗಿನಲ್ಲಿ ಏನೋ ಅಂದಳು. ಕೊನೆಯಲ್ಲಿ ‘ದುನ್ನಪೋತು’ ಎಂಬ ಮಾತು ನನಗೆ ಕೇಳಿಸಿತು. ಉಳಿದಿಬ್ಬರು ಸೆರಗು ಬಾಯಿಗಿಟ್ಟುಕೊಂಡು ಕುಲುಕುಲು ನಕ್ಕರು. ಶ್ಯಾಮಲಮ್ಮನೂ ನಕ್ಕರು. ಆಂಜಿನಪ್ಪನ ಕಿವಿ ಕೆಂಪಗಾಯಿತು.

“ಏನಂದಳು?” ಶ್ಯಾಮಲಮ್ಮ ಅವನನ್ನೇ ಕೇಳಿದರು.

“ಯಾರಿಗ್ಗೊತ್ತು ಮೇಡಂ! ನಮ್ದು ಮಾಲೂರು. ರೈಲಲ್ಲಿ ಬೆಂಗಳೂರಿಗೆ ಹೋಗಿ ಓದಿದವನು. ಈ ಗಡಿನಾಡಿನ ತೆಲುಗು ನನಗೆ ಒಂದಕ್ಷರ ಬರಲ್ಲ.”

ಅಷ್ಟರಲ್ಲಿ ಮೋಟಾರ್ ಸೈಕಲ್ಲಿನ ಸದ್ದಾಯಿತು. ಮುನಿರಾಮಪ್ಪ ಮುಳಬಾಗಿಲಿನಿಂದ ಬಂದಿದ್ದ. ನಮ್ಮನ್ನು ನೋಡಿಯೂ ನೋಡದವನಂತೆ ಹೆಂಗಸರ ಕಡೆ ತಿರುಗಿದ.

“ಎಲ್ಲಿ ಅವಳು? ಕದಿರಿ? ಸಾಯಂಕಾಲ ಆಗ್ತಾ ಬಂತು.”

“ಇಲ್ಲೇ ಇದ್ದೀನಿ,” ಎಂದಳು ಕದಿರಮ್ಮ, ಗೇಟಿನ ಹತ್ತಿರದಿಂದ. ಬಿಸಿಲಲ್ಲಿ ನಡೆದು ಬಂದಿದ್ದಳು. ಬೆರಳಿನ ಬಟ್ಟೆ ಹಾಗೇ ಇತ್ತು. “ಓಡಿಹೋಗಿಲ್ಲ.”

ಅವಳ ಹಿಂದೆಯೇ ನಾಡಗೌಡರ ಜೀಪು ಬಂತು.

ಎಲ್ಲರೂ ಮೈಕ್ರೋಸ್ಕೋಪಿದ್ದ ಕೋಣೆಯಲ್ಲಿ ಸೇರಿದೆವು. ನಾಡಗೌಡರು ಮೇಜಿನ ಹಿಂದೆ. ಅವರ ಬಲಕ್ಕೆ ವೆಂಕಟರಮಣಪ್ಪ, ಎಡಕ್ಕೆ ಆಂಜಿನಪ್ಪ. ಮುನಿರಾಮಪ್ಪ ಕುರ್ಚಿ ಎಳೆದುಕೊಂಡು ಕುಳಿತ. ಕದಿರಮ್ಮ ಗೋಡೆಗೆ ಒರಗಿ ನಿಂತಳು. ಉಳಿದ ಮೂವರು ಹೆಂಗಸರು ಬಾಗಿಲಲ್ಲಿ ನಿಂತರು. ಹೋಗಿ ಎಂದು ಮುನಿರಾಮಪ್ಪ ಕೈಬೀಸಿದ. ಅವರು ಕದಲಲಿಲ್ಲ.

“ಹೇಳ್ರಿ ಶ್ಯಾಮಲಮ್ಮಾರ,” ಅಂದರು ನಾಡಗೌಡರು.

ಶ್ಯಾಮಲಮ್ಮ ಕುಳಿತಲ್ಲಿಂದಲೇ ಮಾತಾಡಿದರು. ದನಿ ಎತ್ತರಿಸುವುದು ಅವರ ಅಭ್ಯಾಸವಲ್ಲ.

“ವೆಂಕಟರಮಣಪ್ಪನವರೇ, ಮಂಗಳವಾರ ಬೀಗ ನೀವೇ ತೆಗೆದಿರಿ. ಒಳಗೆ ಕನ್ನಡಿ ಹಾಗೆ ಗುಡಿಸಿ ಒರೆಸಿತ್ತು. ಬೀಗ ಹಾಕಿದ ಕೋಣೆಯನ್ನ ಹೊರಗೆ ನಿಂತು ಗುಡಿಸೋ ಪೊರಕೆ ಯಾವ ಸಂತೆಯಲ್ಲಿ ಸಿಗುತ್ತೆ?”

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ವೆಂಕಟರಮಣಪ್ಪ ಕರವಸ್ತ್ರ ತೆಗೆದರು.

“ಕೀಲಿಕೈ ದಿನಾ ಬೆಳಿಗ್ಗೆ ಕದಿರಮ್ಮನ ಕೈಗೆ ಹೋಗ್ತಿತ್ತು. ಅವಳು ಬಾಗಿಲು ತೆಗೆದು ಗುಡಿಸ್ತಿದ್ದಳು. ಆಮೇಲೆ ಬಾಗಿಲು ತೆರೆದಿಟ್ಟು ಇನ್ನೊಂದು ಕೆಲಸಕ್ಕೆ ಹೋಗ್ತಿದ್ದಳು. ಆ ಹೊತ್ತಿನಲ್ಲಿ ಯಾರು ಬೇಕಾದರೂ ಒಳಗೆ ಬರಬಹುದಾಗಿತ್ತು. ಬೀಗ ಒಡೆಯೋ ಅಗತ್ಯವೇ ಇರಲಿಲ್ಲ. ಆ ಇನ್ನೊಂದು ಕೆಲಸ ಏನು? ಅದನ್ನ ನಾನು ಹೇಳೋದಿಲ್ಲ. ಕೇಳಲ್ಲ ಅಂತ ಒಬ್ಬಳಿಗೆ ಮಾತು ಕೊಟ್ಟಿದ್ದೀನಿ.”

ಎಲ್ಲರೂ ಕದಿರಮ್ಮನನ್ನು ನೋಡಿದರು. ಅವಳು ನೋಡಿದ್ದು ಬಾಗಿಲ ಕಡೆ, ಆ ಮೂವರು ಹೆಂಗಸರನ್ನು. ಅವರ ಒಲೆಗಳೂ ಅವಳ ನಾಲಿಗೆಯ ತುದಿಯಲ್ಲಿದ್ದವು.

“ಬಾಯಿ ತೆಗೆದ್ರೆ ನೋಡು,” ಎಂದ ಮುನಿರಾಮಪ್ಪ. “ನಾಳೆಯಿಂದ ನಾಲ್ಕು ಜನವೂ ಮನೇಲಿರ್ತೀರ.”

“ಹೇಳೇ ಕದಿರಿ,” ಅಂದಳು ದೊಡ್ಡಗಂಗಮ್ಮ. “ಒಲೆ ಆರಿದ್ರೆ ಆರ್ಲಿ. ಮಾವಿನ ತೋಪಿನಾಗೆ ಕೂಲಿ ಇಲ್ವಾ? ಕಳ್ಳಿ ಅನಿಸ್ಕೊಂಡು ಅನ್ನ ಬೇಯಿಸೋದು ಬೇಡ.”

ಕದಿರಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಈ ಸಲ ಕನ್ನಡದಲ್ಲೇ ಹೇಳಿದಳು.

“ಸೂಪ್ರಿಂಟು ಸಾಹೇಬರ ಮನೆಗೆ ಹಾಲು ತರೋಕೆ ಹೋಗ್ತಿದ್ದೆ ಸ್ವಾಮಿ. ದಿನಾ. ಇಲ್ಲಿ ಗುಡಿಸಿ, ಹಾಲು ತಂದು ಕೊಟ್ಟು, ಪಾತ್ರೆ ತೊಳೆದು, ಬಟ್ಟೆ ಒಗೆದು, ಆಮೇಲೆ ವಾಪಸ್ ಇಲ್ಲಿಗೆ. ಇವಳು ಅವರ ಮಗೀನ ಸ್ಕೂಲಿಗೆ ಬಿಡ್ತಾಳೆ. ಅವಳು ಅವರ ರಾಗಿ ಬೀಸಿಸ್ಕೊಂಡು ಬರ್ತಾಳೆ. ಅದು ಕಂಟ್ರಾಕ್ಟಿನಾಗೆ ಇದೆಯಾ ಅಂತ ಮುನಿರಾಮಪ್ಪನ್ನ ಕೇಳ್ದೆ. ‘ಕಂಟ್ರಾಕ್ಟಿನಾಗೆ ಇಲ್ಲ, ಆದ್ರೆ ಮಾಡದಿದ್ರೆ ಕಂಟ್ರಾಕ್ಟೇ ಇರಲ್ಲ’ ಅಂದ. ಯಾರ ಮುಂದೂ ಎತ್ತಬಾರದು ಅಂತ ಆಣೆ ಹಾಕಿಸ್ದ.”

ನಾಡಗೌಡರು ವೆಂಕಟರಮಣಪ್ಪನ ಕಡೆ ತಿರುಗಿದರು. “ಖರೇನೇನ್ರೀ?”

ವೆಂಕಟರಮಣಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

“ಬುಧವಾರದಿಂದ ಆ ಮನೆಯಲ್ಲಿ ಕಾಫಿಗೆ ಹಾಲಿಲ್ಲ ಸಾರ್,” ಅಂದರು ಶ್ಯಾಮಲಮ್ಮ. “ಕದಿರಮ್ಮನನ್ನ ಮಂಗಳವಾರ ಹೊರಗೆ ಹಾಕಿದ್ರು. ಲೋಟ ನೋಡಿದ ಕೂಡಲೇ ಹಾಲು ಯಾರ ಮನೆಗೆ ಹೋಗ್ತಿತ್ತು ಅಂತ ಗೊತ್ತಾಯ್ತು. ಇವರು ಕಳ್ಳರಲ್ಲ. ಕಸ ಗುಡಿಸೋಕೆ ಬಂದವಳನ್ನ ಮನೆ ಆಳು ಮಾಡ್ಕೊಂಡಿದ್ದನ್ನ ಮುಚ್ಚಿಡೋಕೆ ಅವಳನ್ನ ಕಳ್ಳಿ ಆಗೋಕೆ ಬಿಟ್ಟರು. ಅದನ್ನ ಏನಂತ ಕರೀಬೇಕೋ ನೀವೇ ಹೇಳಿ.”

“ಆದ್ರ ಆಕಿ ನನ್ನ ಮುಂದ ಪಾಲು ಅಂದದ್ದು?”

“ಅಂದಳು. ಈಗಲೂ ಅದನ್ನೇ ಹೇಳಿದಳು, ನಿಮಗೆ ತಿಳಿಯೋ ಭಾಷೆಯಲ್ಲಿ. ತೆಲುಗಿನಲ್ಲಿ ಪಾಲು ಅಂದ್ರೆ ಹಾಲು ಸಾರ್.”

ನಾಡಗೌಡರ ಕೈ ಮೇಜಿನ ಮೇಲೆ ಹಾಗೇ ನಿಂತಿತು. ನನಗೆ ಬಸ್ಸಿನ ಮುದುಕಿ, ಅವಳ ಕ್ಯಾನು ನೆನಪಾದವು.

“ಹಾಲು ತಗೊಂಡು ಹೋದೆ ಅಂದಳು. ‘ಪಾಲು ಅಂದೀಯೇನು’ ಅಂತ ನೀವು ಕೇಳಿದಾಗ, ಸಾಹೇಬರಿಗೆ ಅರ್ಥವಾಯ್ತು ಅಂತ ‘ಹೌದು, ಪಾಲೇ’ ಅಂದಳು. ನೀವು ಕದ್ದ ಮಾಲಿನ ಪಾಲು ಅಂದ್ಕೊಂಡಿರಿ. ನಿಮ್ಮ ತಪ್ಪಲ್ಲ, ನೀವು ಧಾರವಾಡದವರು. ಈ ತಾಲ್ಲೂಕಿನಲ್ಲಿ ಹುಟ್ಟಿದ ಕೂಸಿಗೂ ಆ ತಪ್ಪು ಆಗಲ್ಲ. ಅದು ಬಾಯಿ ಬಿಟ್ಟ ದಿನದಿಂದ ಪಾಲಿಗೇ ಅಳುತ್ತೆ.”

“ಮುಂಜಾನೇ ನೀವು ಯಾಕ ಹೇಳಲಿಲ್ಲ?”

“ಹೇಳಿದ್ರೆ ನೀವು ಫೋನ್ ಎತ್ತುತ್ತಿದ್ರಿ. ಸುದ್ದಿ ನನಗಿಂತ ಮೊದಲು ಇಲ್ಲಿಗೆ ಬರ್ತಿತ್ತು, ಕಳ್ಳ ಮಾಲು ಸಾಗಿಸ್ತಿದ್ದ. ಫೋನಿನ ವಿಷಯ ನನಗೆ ಬಿಡಿ. ವಿಚಾರಣೆ ಹೊತ್ತಿನಲ್ಲಿ ನಿಮ್ಮ ಜೊತೆ ಇನ್ನೊಬ್ಬರಿದ್ರು. ನೀವು ಅವರನ್ನೂ ಕೇಳಿದಿರಿ. ಅವರು ಒಂದಕ್ಷರ ಸುಳ್ಳು ಹೇಳಲಿಲ್ಲ. ‘ಹೌದು ಸಾರ್, ಪಾಲು ಅಂದಳು’ ಅಂದರು. ಅಷ್ಟು ನಿಜ ಹೇಳಿ ಸುಮ್ಮನಾದರು.”

ಆಂಜಿನಪ್ಪ ಎದ್ದು ನಿಂತ. “ನನಗೆ ತೆಲುಗು ಬರಲ್ಲ ಅಂತ ಆಗಲೇ ಹೇಳಿದೆನಲ್ಲ! ನಾನೂ ಸಾಹೇಬರ ಹಾಗೇ ಅರ್ಥ ಮಾಡ್ಕೊಂಡೆ. ತಪ್ಪಾ?”

“ತಪ್ಪಿಲ್ಲ. ಕೂತ್ಕೊಳ್ಳಿ,” ಅಂದರು ಶ್ಯಾಮಲಮ್ಮ. ಅವನು ಕುಳಿತ. ಅವರು ತಮ್ಮ ಸೆರಗು ಸರಿಮಾಡಿಕೊಂಡು, ಮಳೆ ಬರಬಹುದು ಎನ್ನುವಂಥ ದನಿಯಲ್ಲಿ ಹೇಳಿದರು: “ಮೀ ಕುರ್ಚೀ ಕಿಂದ ತೇಲುಂಡಾದಿ.”

ಆಂಜಿನಪ್ಪ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಹಾರಿ ನಿಂತ. ಮುನಿರಾಮಪ್ಪನೂ ಹಾರಿದ. ವೆಂಕಟರಮಣಪ್ಪ ತಮ್ಮ ಪಂಚೆ ಎತ್ತಿಕೊಂಡರು. ನಾಡಗೌಡರು, ನಾನು ಇಬ್ಬರೇ ಕೂತಲ್ಲೇ ಕೂತಿದ್ದೆವು.

“ಏನಂದ್ರಿ? ಏನು ತೇಲ್ತದ?” ನಾಡಗೌಡರು ಕೇಳಿದರು.

“ಏನೂ ತೇಲ್ತಿಲ್ಲ ಸಾರ್. ಕುರ್ಚಿ ಕೆಳಗೆ ಚೇಳಿದೆ ಅಂದೆ. ಚೇಳೂ ಇಲ್ಲ. ಆಂಜಿನಪ್ಪನವರೇ, ಇಳೀರಿ. ದೊಡ್ಡಗಂಗಮ್ಮ ನಿಮ್ಮನ್ನ ‘ಗಂಟೆ ಕಟ್ಟಿದ ಕೋಣ’ ಅಂದಾಗಲೇ ನಿಮ್ಮ ಕಿವಿ ಕೆಂಪಾಗಿತ್ತು. ಅರ್ಥವಾಗದ ಬೈಗುಳಕ್ಕೆ ಕಿವಿ ಕೆಂಪಾಗಲ್ಲ.”

ಬಾಗಿಲಲ್ಲಿ ಹೆಂಗಸರು ಈಗ ಸೆರಗು ಅಡ್ಡ ಹಿಡಿಯದೆ ನಕ್ಕರು.

“ತೆಲುಗು ಬಂದರೆ ಕಳ್ಳ ಆಗ್ತೀನಾ?” ಆಂಜಿನಪ್ಪನ ದನಿ ಒಡೆದಿತ್ತು.

“ಇಲ್ಲ. ಅದಕ್ಕೆ ಮೂಟೆ ಇದೆ. ಹಿಂದಿನ ಜಗಲಿಗೆ ಬನ್ನಿ ಎಲ್ಲರೂ.”

ಗಾಳಿ ಜೋರಾಗಿತ್ತು. ಕಲ್ಲು ಹೊತ್ತ ಮೂಟೆಗಳು ಮಿಸುಕಾಡುತ್ತಿದ್ದವು. ಮೂಲೆಯದು ಕಲ್ಲಿಲ್ಲದೆಯೂ ಅಲುಗದೆ ಕುಳಿತಿತ್ತು.

“ಎತ್ತಿ ನೋಡಿ ಸಾರ್.”

ನಾಡಗೌಡರು ಮೊದಲು ಪಕ್ಕದ ಮೂಟೆಯನ್ನು ಎರಡು ಬೆರಳಲ್ಲಿ ಎತ್ತಿದರು. ಮೂಲೆಯದಕ್ಕೆ ಎರಡೂ ಕೈ ಬೇಕಾಯಿತು. ಬಾಯಿ ಬಿಚ್ಚಿ ಗೂಡು ಸುರಿದಾಗ, ಬಿಳಿ ರಾಶಿಯ ನಡುವೆ ಹಿತ್ತಾಳೆ ಹೊಳೆಯಿತು. ಮೈಕ್ರೋಸ್ಕೋಪಿನ ಕನ್ನಡಿ ಕೂಡ ಒಡೆದಿರಲಿಲ್ಲ.

“ಅದರ ಮೇಲೆ ಕಲ್ಲು ಇಡಕ್ಕೆ ಹೋದ್ರೆ ‘ಮುಟ್ಟಬೇಡ’ ಅಂತ ಹಾರಿಬಿದ್ರು ಇವರು,” ಎಂದಳು ದೊಡ್ಡಗಂಗಮ್ಮ. “ಮುಟ್ಟಿದ್ರೆ ಮೈಲಿಗೆ ಆಗ್ತದೇನೋ ಅಂದ್ಕೊಂಡೆ.”

“ಯಾರೋ ಇಟ್ಟಿರಬಹುದು!” ಆಂಜಿನಪ್ಪ ಕೂಗಿದ. “ಇವಳೇ ಇಟ್ಟಿರಬಹುದು!”

ಶ್ಯಾಮಲಮ್ಮ ಮೂಟೆಯ ಬಾಯಿಂದ ಮುರಿದ ಅರಗನ್ನು ಎತ್ತಿ ಹಿಡಿದರು.

“ವೆಂಕಟರಮಣಪ್ಪನವರೇ, ಈ ಕೋಠಿಯಲ್ಲಿ ಕಂಟ್ರಾಕ್ಟಿನವರಿಗೂ ಸರ್ಕಾರದವರಿಗೂ ನಡುವೆ ಒಂದು ಗೆರೆ ಇರಬೇಕಾಗಿತ್ತು. ಕೀಲಿಕೈ ಕೊಡಬಾರದು, ಕೊಟ್ಟಿರಿ. ಮನೆ ಕೆಲಸ ಹೇಳಬಾರದು, ಹೇಳಿದಿರಿ. ಅವರ ಕಂಟ್ರಾಕ್ಟರ್ ಕಳಿಸಿದ ಬುಟ್ಟಿ ತಗೋಬಾರದು, ತಗೊಂಡಿರಿ. ಎಲ್ಲ ಗೆರೆಯನ್ನೂ ಅಳಿಸಿ ಒಂದನ್ನ ಮಾತ್ರ ಬಿಟ್ಟಿರಿ. ಮುದ್ರೆ. ಅದು ಕೂಲಿಯವರ ಕೈಗೆ ಸಿಗೋ ವಸ್ತುವಲ್ಲ, ಬಚ್ಚಲಿಗೂ ಜೊತೆಗೇ ಬರುತ್ತೆ. ನಿಮ್ಮ ಮಾತೇ, ಆಂಜಿನಪ್ಪನವರೇ. ಹಾಗಾದರೆ ಈ ಮುದ್ರೆ ಒತ್ತಿದವರು ಯಾರು? ಒತ್ತುವಾಗ ಹೂವಿನಂಥ ಮೂಟೆ ಕಬ್ಬಿಣದಷ್ಟು ಭಾರ ಇದೆ ಅಂತ ನಿಮ್ಮ ಕೈಗೆ ತಿಳಿಯಲಿಲ್ಲವಾ?”

ಆಂಜಿನಪ್ಪನ ಕೈ ಸೊಂಟದ ದಾರಕ್ಕೆ ಹೋಗಿ ಅಲ್ಲೇ ನಿಂತಿತು. ಬೆಂಗಳೂರಿನಲ್ಲಿ ಪರವಾನಗಿ ಇಲ್ಲದೆ ರೇಷ್ಮೆ ಮೊಟ್ಟೆ ಮಾಡಿ ಮಾರುವವನೊಬ್ಬನಿಗೆ ಮೈಕ್ರೋಸ್ಕೋಪನ್ನು ತಲುಪಿಸಬೇಕಾಗಿತ್ತೆಂದು ಆಮೇಲೆ ಅವನೇ ಹೇಳಿದ. ನಾಡಗೌಡರ ಡ್ರೈವರು ಶ್ರೀನಿವಾಸಪುರದ ಠಾಣೆಗೆ ಜೀಪು ತಿರುಗಿಸಿದ.

ಪೊಲೀಸರು ಬರುವವರೆಗೆ ನಾಡಗೌಡರು ಜಗಲಿಯಲ್ಲಿ ಶತಪಥ ಹಾಕಿದರು. ಕೊನೆಗೆ ವೆಂಕಟರಮಣಪ್ಪನ ಮುಂದೆ ನಿಂತು, “ಸರ್ಕಾರಿ ಆಫೀಸಿಗೆ ಕೊಟ್ಟ ಮನಶ್ಯಾರನ್ನ ಮನೀ ಕೆಲಸಕ್ಕ ಹಚ್ಚೂದು ಅಂದ್ರ ಏನ್ರೀ? ನಾಚಿಕಿ ಬರೂದಿಲ್ಲೇನು?” ಎಂದು ಗುಡುಗಿದರು.

“ಸಾರ್,” ಅಂದರು ಶ್ಯಾಮಲಮ್ಮ. “ನಿಮ್ಮ ಬಂಗಲೆಯ ಕ್ರೋಟನ್ ಗಿಡಕ್ಕೆ ನೀರು ಹಾಕ್ತಿದ್ದವನು ಯಾರ ಕಡೆಯವನು?”

ನಾಡಗೌಡರು ವೆಂಕಟರಮಣಪ್ಪನ ಮುಂದಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. “ನಾಳಿಂದ ನಾನಾ ಹಾಕತೀನ್ರೀ,” ಅಂದರು.

ಮುನಿರಾಮಪ್ಪ ಹಲ್ಲು ಕಿರಿಯುತ್ತ ಕದಿರಮ್ಮನ ಹತ್ತಿರ ಬಂದ. “ಆಯ್ತು ಬಿಡು, ಏನೋ ಆಗೋಯ್ತು. ನಾಳೆ ಯಥಾಪ್ರಕಾರ ಬಂದ್ಬಿಡು. ಸಾಹೇಬರ ಮನೇಲೂ ಪಾಪ, ಹಾಲಿಲ್ಲದೆ...”

ಕದಿರಮ್ಮ ಬೆರಳಿನ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದಳು. ರಕ್ತ ನಿಂತು ಹೆಬ್ಬೆರಳು ಬೆಳ್ಳಗಾಗಿತ್ತು. ಅದನ್ನು ಮುನಿರಾಮಪ್ಪನ ಮುಖದ ಮುಂದೆ ಹಿಡಿದು ಎರಡು ಸಲ ಮಡಿಸಿದಳು.

“ಬರ್ತೀನಿ. ನನ್ನ ಪಾಲಿನ ಕೆಲಸ ಮಾಡ್ತೀನಿ. ನಿಮ್ಮ ಪಾಲು ನೀವೇ ತಂದ್ಕೊಳ್ಳಿ.”

ಈ ಮಾತಿಗೆ ಅನುವಾದ ಬೇಕಾಗಲಿಲ್ಲ. ನಾಡಗೌಡರಿಗೂ ಅರ್ಥವಾಯಿತು.

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಕಿಟಕಿ ಸಿಕ್ಕಿತು. ಶ್ರೀನಿವಾಸಪುರದಲ್ಲಿ ದುಡ್ಡು ಕೊಟ್ಟು ಕೊಂಡ ಮಾವಿನಹಣ್ಣು ನನ್ನ ಮಡಿಲಲ್ಲಿತ್ತು. ಶ್ಯಾಮಲಮ್ಮನವರ ಸಕ್ಕರೆ ಕಾಯಿಲೆ ವಾಸಿಯಾಗಿತ್ತು. ಹಣ್ಣು ಕಚ್ಚಿದೆ. ಎಷ್ಟೋ ದಿನಗಳ ಮೇಲೆ ನಾಲಿಗೆಗೆ ರುಚಿ ಹತ್ತಿತು.

ಮರುವಾರ ಅದೇ ದಾರಿಯಲ್ಲಿ ಮೈಕ್ರೋಸ್ಕೋಪಿನ ಕಳವಿನ ವಿಚಾರಣೆಗೆ ಸಾಕ್ಷಿ ಹೇಳಲು ಕೋಠಿಗೆ ಹೋದಾಗ, ಹುಣಸೆವಂಕದ ಹಾಲಿನ ಡೈರಿಯ ಮುಂದೆ ಬಸ್ಸು ನಿಧಾನವಾಯಿತು. ಪಾತ್ರೆ ಹಿಡಿದ ಹೆಂಗಸರ ಸಾಲಿನ ಕೊನೆಯಲ್ಲಿ ಸೂಪರಿಂಟೆಂಡೆಂಟ್ ವೆಂಕಟರಮಣಪ್ಪ ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಹಾಲಿನ ತೂಕುಪಾತ್ರೆ ಹಿಡಿದು ಬೆವರುತ್ತ ನಿಂತಿದ್ದರು.

ಶ್ಯಾಮಲಮ್ಮ ಕಿಟಕಿಯಿಂದ ಕೈ ಮುಗಿದರು.

“ಪಾಲಿಗೆ ಬಂದದ್ದು ಪಂಚಾಮೃತ ಸಾರ್!” ಎಂದು ಕೂಗಿದರು.